ಬೀಸುಕಲ್ಲಿನ ಎದುರು ಕೂತದ್ದು

ದೆವ್ವ, ಮೈಮೇಲೆ ಬರುವುದು, ಸತ್ತವರು ಮಾತಾಡುವುದು, ಇಂಥವನ್ನೆಲ್ಲ ನಾನು ಊರೂರು ತಿರುಗಿ ರಾಶಿಗಟ್ಟಲೆ ಬರೆದುಕೊಂಡವಳು. ಒಂದನ್ನೂ ನಂಬಿದವಳಲ್ಲ. ಜಾನಪದ ಎಂ.ಎ. ಓದುತ್ತಿದ್ದಾಗ ಅವೆಲ್ಲ ನನಗೆ ಕ್ಷೇತ್ರಕಾರ್ಯದ ಸಾಮಗ್ರಿ, ಅಷ್ಟೇ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಮೊದಲಿನ ಹಾಗೆ ನಗಲಾರೆ.

ಬೀಸುವ ಪದ ಸಂಗ್ರಹಿಸಲು ಹುನಗುಂದದ ಹತ್ತಿರದ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿ ಮಾಬೂಬಿ ಎಂಬ ಅಜ್ಜಿಗೆ, ಊರವರೆಲ್ಲ ಕರೆಯುವಂತೆ ಆಯಿಗೆ, ಬೇಕಾದಷ್ಟು ಪದ ಬರುತ್ತವೆ ಎಂದು ಕೇಳಿದ್ದೆ. ಆಯಿ ಪ್ರೀತಿಯಿಂದಲೇ ಕೂರಿಸಿಕೊಂಡರು, ಹಾಡಲು ಮಾತ್ರ ಒಪ್ಪಲಿಲ್ಲ.

"ಕಲ್ಲು ತಿರುಗದಿದ್ರ ಪದಾ ಬರೂದಿಲ್ಲವಾ. ಎದುರಿಗೆ ಒಬ್ಬಾಕಿ ಬೇಕು. ನಮ್ಮ ಗಂಗವ್ವ ಹೋದಮ್ಯಾಗ ನಾ ಹಾಡೇ ಇಲ್ಲ."

ಗಂಗವ್ವ ಪಕ್ಕದ ಮನೆಯವರು. ಹರೆಯದಿಂದಲೂ ಇಬ್ಬರೂ ಎದುರುಬದುರು ಕೂತು ಬೀಸಿದವರು. ಒಬ್ಬರು ಸಾಲು ಎತ್ತಿದರೆ ಇನ್ನೊಬ್ಬರು ಮುಗಿಸುವುದು ಅವರ ರೂಢಿ. ಹಸುಗೂಸಾಗಿದ್ದಾಗಲೇ ತೀರಿಕೊಂಡ ಒಬ್ಬಳು ಮಗಳು ಆಯಿಗೆ ಇದ್ದಳು. ಫೋಟೊ ಇಲ್ಲ, ಏನೂ ಇಲ್ಲ. ಆ ಕೂಸಿನ ಹೆಸರು ಹಾಕಿ ಗಂಗವ್ವ ಒಂದು ನುಡಿ ಕಟ್ಟಿದ್ದರಂತೆ. ಮೊದಲ ಸಾಲು ಆಯಿ ಎತ್ತುವುದು, ಉಳಿದದ್ದು ಗಂಗವ್ವನದು.

"ಮುಂದಿಂದು ಆಕಿ ಕೂಡನ ಹೋತು. ನೆನಪ ಮಾಡ್ಕೊಂಡು ಮಾಡ್ಕೊಂಡು ಸಾಕಾತು," ಎಂದು ಆಯಿ ಕಣ್ಣೊರೆಸಿಕೊಂಡರು. ನನಗೆ ಸಂಕಟವಾಯಿತು. "ನಾ ಕೂಡ್ಲೇನ್ರಿ ಎದುರಿಗೆ?" ಎಂದೆ.

ಬರಿಗಲ್ಲು ತಿರುಗಿಸಬಾರದೆಂದು ಆಯಿ ಒಂದು ಹಿಡಿ ಜೋಳ ಸುರಿದರು. ಮೊಬೈಲಿನಲ್ಲಿ ರೆಕಾರ್ಡಿಂಗ್ ಹಚ್ಚಿ ನಾನೂ ಗೂಟ ಹಿಡಿದೆ. ಮಟಮಟ ಮಧ್ಯಾಹ್ನ. ಆಯಿ ಮೊದಲ ಸಾಲು ಎತ್ತಿದ್ದು ನೆನಪಿದೆ. ಆಮೇಲೆ ಕಲ್ಲಿನ ಸದ್ದು, ಅಷ್ಟೇ. ಎಚ್ಚೆತ್ತಂತೆ ನೋಡಿದರೆ ಜೋಳ ಮುಗಿದಿತ್ತು. ಆಯಿ ನನ್ನ ಮುಂಗೈ ಹಿಡಿದಿದ್ದರು.

"ಇನ್ನೊಮ್ಮೆ ಅನ್ನವಾ."

"ಏನ್ ಅನ್ಲಿರಿ ಆಯಿ?"

ಮೊಬೈಲ್ ಹಚ್ಚಿ ಕೇಳಿದೆ. ನನ್ನದೇ ದನಿ. ರಾಗ ಎಂದರೆ ಮಾರು ದೂರ ಇರುವ ನಾನು ಆ ನುಡಿಯನ್ನು ಕೊನೆಯವರೆಗೂ ಹಾಡಿದ್ದೆ, ಕೂಸಿನ ಹೆಸರಿನ ಸಮೇತ. ಆ ಹೆಸರನ್ನು ಆಯಿ ನನಗೆ ಹೇಳಿರಲೇ ಇಲ್ಲ. ನಾನು ಮೊಬೈಲ್ ಕೆಳಗಿಟ್ಟುಬಿಟ್ಟೆ. ಆಯಿ ಮಾತ್ರ ಹೆದರದೆ ಆ ನುಡಿಯಷ್ಟನ್ನೇ ಮತ್ತೆ ಮತ್ತೆ ಹಚ್ಚಿಸಿ ಬಾಯಿಪಾಠ ಮಾಡಿಕೊಂಡರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ, ಅದು ಅವರದು.

ಬೇರೆಲ್ಲೋ ಕೇಳಿರುತ್ತೀ, ಹೆಸರನ್ನೂ ಆಕೆ ಮಾತಿನ ನಡುವೆ ಅಂದಿರುತ್ತಾರೆ ಎಂದರು ನನಗೆ ಗೈಡ್ ಆಗಿದ್ದ ಸರ್. ಇರಬಹುದು ಎಂದು ಒಪ್ಪಿಕೊಂಡುಬಿಡುತ್ತಿದ್ದೆನೇನೋ. ಆದರೆ ಓದಲೆಂದು ಉಳಿದಿದ್ದ ವಿದ್ಯಾಗಿರಿಯ ರೂಮಿಗೆ ಬಂದು ನಾನು ಉಳಿದದ್ದನ್ನೂ ಕೇಳಿದ್ದೆ. ನುಡಿ ಮುಗಿದ ಮೇಲೆ ಆಯಿ ಬಿಕ್ಕುತ್ತಾರೆ. ಕಲ್ಲು ನಿಲ್ಲುತ್ತದೆ. ಆಗ, "ರಿ" ಹಚ್ಚದೆ ಅವರನ್ನು ಒಮ್ಮೆಯೂ ಮಾತಾಡಿಸದ ನನ್ನ ದನಿ ಗೆಳತಿಯನ್ನು ಗದರಿದ ಹಾಗೆ ಹೇಳುತ್ತದೆ: "ಅಳಬ್ಯಾಡ ಮಾಬೂ, ಹಿಟ್ಟು ಹಸಿ ಆಕ್ಕತಿ."

ಆಯಿ ಅಳುತ್ತಲೇ ನಗುತ್ತಾರೆ. "ಹೂಂ ಗಂಗೂ," ಎನ್ನುತ್ತಾರೆ. ಮತ್ತೆ ಕಲ್ಲು ತಿರುಗುತ್ತದೆ.

ಆ ಹೊತ್ತು ನಾನು ಎಲ್ಲಿದ್ದೆ ಎಂಬುದು ನನಗೆ ಇಂದಿಗೂ ಗೊತ್ತಾಗಿಲ್ಲ.