ಪಾಲಿಶ್ ಮಶೀನು ಆರಿಸಿದ ದಿನ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮಶೀನು ಕೊಂಡ ಅಂಗಡಿ ರಾಣೇಬೆನ್ನೂರಿನದು ಎಂಬುದು ಖಚಿತ. ನಾವು ಅಲ್ಲಿಗೆ ಹೋದದ್ದು ಬೆಳಿಗ್ಗೆಯೋ ಮಧ್ಯಾಹ್ನವೋ ಹೇಳಲಾರೆ. ಮಶೀನುಗಳ ಬಣ್ಣವೂ ನೆನಪಿಲ್ಲ. ನೆನಪಿರುವುದು ಮುಖ್ಯವಾಗಿ ಹೇಸಿಕೆ, ಮತ್ತು ಹೇಸಿಕೆ ಒಳ್ಳೆಯ ಸಾಕ್ಷಿಯಲ್ಲ. ಅದು ತನಗೆ ಬೇಕಾದದ್ದನ್ನು ಮಾತ್ರ ಇಟ್ಟುಕೊಳ್ಳುತ್ತದೆ.

ಎಂಬತ್ತರ ದಶಕದ ಕೊನೆ. ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ, ರಜೆಗೆಂದು ಹಾವೇರಿಯ ಮನೆಗೆ ಬಂದಿದ್ದೆ. ಅಕ್ಕನಿಗೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮಗನ ಸಂಬಂಧ ಹೆಚ್ಚುಕಡಿಮೆ ಗಟ್ಟಿಯಾಗಿತ್ತು. "ಬಂಗಾರ ಬ್ಯಾಡ್ರಿ, ನಿಮ್ಮ ಗಾಡಿ ಕೊಟ್ಟಬಿಡ್ರಿ ಸಾಕು" ಎಂದು ಹುಡುಗನ ತಂದೆ ದೊಡ್ಡ ಮನಸ್ಸಿನಿಂದ ಹೇಳಿದ್ದರಂತೆ. ಅಕ್ಕನನ್ನು ನೋಡಿಯಾಗಿತ್ತು. ಸೋಮವಾರ ಗಾಡಿ ನೋಡಲು ಬರುವವರಿದ್ದರು.

ನಮ್ಮದು ಕೆನೆಬಣ್ಣದ ಅಂಬಾಸಡರ್. ಅಪ್ಪ ಕೊಳ್ಳುವ ಮೊದಲು ಅದು ಬೇರೆ ಊರಿನಲ್ಲಿ ಟ್ಯಾಕ್ಸಿಯಾಗಿತ್ತು. ಕಪ್ಪು ಮೈ, ಹಳದಿ ಟಾಪು. ಅದರ ಮೇಲೆ ಕೆನೆಬಣ್ಣ ಹೊಡೆದವನು ನನ್ನ ಮಾಮ, ಅವ್ವನ ತಮ್ಮ. ರಾಣೇಬೆನ್ನೂರಿನ ಹೊರಗೆ ಹೈವೇ ಪಕ್ಕದಲ್ಲಿ ಅವನದು ಗಾಡಿಗಳಿಗೆ ಬಣ್ಣ ಹೊಡೆಯುವ ಶೆಡ್ಡು. ಬ್ಯಾಡಗಿಯವರಿಗೆ ಟ್ಯಾಕ್ಸಿಯ ವಿಷಯ ಗೊತ್ತಿರಲಿಲ್ಲ. "ಕೇಳಿದ್ರ ಹೇಳೂಣು. ಕೇಳ್ದಿದ್ರ ನಾವ್ಯಾಕ ಬಾಯಿ ಬಿಡೂಣು?" ಎಂದ ಅಪ್ಪ.

ಬಣ್ಣ ಮಂಕಾಗಿತ್ತು. ಕೈಯಿಂದ ತಿಕ್ಕುತ್ತ ಕೂತರೆ ಸೋಮವಾರಕ್ಕೆ ಮುಗಿಯುವುದಿಲ್ಲವೆಂದು ಮಾಮನಿಗೆ ಕರೆಂಟಿನ ಪಾಲಿಶ್ ಮಶೀನು ಕೊಡಿಸಲು ಅಪ್ಪ ಒಪ್ಪಿಕೊಂಡ. ಮಶೀನಿನ ಜೊತೆ ಬರುವ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆಂದು ನನ್ನನ್ನೂ ಕರೆದುಕೊಂಡು ಹೋದರು.

ಅಂಗಡಿಯ ಸಾಹೇಬರು ಎರಡು ಮಶೀನು ಇಟ್ಟರು. ಒಂದು ಭಾರದ್ದು, ಒಂದೇ ವೇಗ. ಬಟನ್ ಒತ್ತಿದೊಡನೆ ಕೈಯಿಂದ ಹಾರುವಂತೆ ತಿರುಗುತ್ತಿತ್ತು. "ಇದು ಕಬ್ಬಿಣಾನೂ ತಿಕ್ಕತೈತಿ, ಗಾಡೀನೂ ತಿಕ್ಕತೈತಿ" ಎಂದರು. ಇನ್ನೊಂದು ಹಗುರ, ವೇಗ ಕಡಿಮೆ ಮಾಡಲು ಅದಕ್ಕೊಂದು ತಿರುಪು. ಎರಡರ ತುದಿಗೂ ಉಣ್ಣೆಯ ದಪ್ಪ ಬಿಲ್ಲೆ. ಹಳೆಯ ಸ್ಕೂಟರಿನ ತಗಡೊಂದರ ಮೇಲೆ ಎರಡನ್ನೂ ನಡೆಸಿ ತೋರಿಸಿದರು. ಭಾರದ ಮಶೀನು ತಟ್ಟನೆ ಹೊಳಪು ತಂದಿತು. ಅಪ್ಪನ ಬಾಯಿ ತೆರೆದೇ ಉಳಿಯಿತು. ಹಗುರದ್ದು ನಿಧಾನ.

"ಹಳೇ ಬಣ್ಣಕ್ಕ ಈ ಹಗೂರಂದ ಛಲೋ ನೋಡ್ರಿ" ಎಂದರು ಸಾಹೇಬರು.

ನಾನು ಪುಸ್ತಕ ಓದಿ ಹೇಳಿದೆ: ಜೋರು ವೇಗದಲ್ಲಿ ಅಂಚು, ಏಣುಗಳ ಮೇಲೆ ಒತ್ತಿದರೆ ಬಣ್ಣ ಕಿತ್ತುಹೋಗುತ್ತದೆ.

"ಅದನ್ನ ಇನ್ನೊಮ್ಮಿ ಓದವಾ" ಎಂದ ಮಾಮ.

ಓದಿದೆ. ಹೀಗೆಂದು ನನ್ನ ನೆನಪು. ಮುಂದೆ ನಡೆದದ್ದಕ್ಕೆ ಹೊಂದಲೆಂದು ಈ ಮಾತನ್ನು ನಾನೇ ಆಮೇಲೆ ಮಾಮನ ಬಾಯಿಗೆ ಇಟ್ಟೆನೋ ಏನೋ ಎಂಬ ಅನುಮಾನವೂ ಇದೆ. ಮಾಮ ಎರಡನ್ನೂ ಕೈಯಲ್ಲಿ ತೂಗಿ ನೋಡಿ ಭಾರದ್ದನ್ನು ಎತ್ತಿಕೊಂಡದ್ದರಲ್ಲಿ ಮಾತ್ರ ಅನುಮಾನವಿಲ್ಲ. "ಸೋಮವಾರದೊಳಗ ಆಗ್ಬೇಕಲ್ರಿ. ಇದಾ ಇರ್ಲಿ."

ಶೆಡ್ಡಿನಲ್ಲಿ ಸುಟ್ಟ ಉಣ್ಣೆಯ ವಾಸನೆ, ಸೀಮೆಎಣ್ಣೆಯ ವಾಸನೆ. ಬಿಳಿ ಪೇಸ್ಟು ಗೋಡೆಗೆ, ನಮ್ಮ ಬಟ್ಟೆಗೆ, ಮಾಮನ ಹುಬ್ಬಿಗೆ ಸಿಡಿದು ಉಗುಳಿನಂತೆ ಅಂಟಿತ್ತು. ಅಪ್ಪ ಬಾನೆಟ್ಟಿನ ಮೇಲೆ ಬಗ್ಗಿ, ಹೊಳಪಿನಲ್ಲಿ ತನ್ನ ಹಲ್ಲು ನೋಡಿಕೊಂಡು, "ಕನ್ನಡಿ ಆತಲ್ಲೋ" ಎಂದು ನಕ್ಕ. ನಾನು ಮುಖ ಆಚೆ ತಿರುಗಿಸಿಕೊಂಡೆ.

ಮನೆಯಲ್ಲಿ ಅತ್ತೆ, ಅಪ್ಪನ ತಂಗಿ, ಅಕ್ಕನ ಮುಖಕ್ಕೆ ಕಡಲೆಹಿಟ್ಟು, ಕೆನೆ ತಿಕ್ಕುತ್ತಿದ್ದಳು. "ನನಗೂ ಒಂದು ಮಶೀನು ತಂದಿದ್ರ ಲಗೂ ಮುಗೀತಿತ್ತು" ಎಂದಳು ಅಕ್ಕ. ಅವಳು ಸಿಟ್ಟಿನಿಂದ ಅಂದದ್ದಲ್ಲ. ಅವಳಿಗೆ ಈ ಸಂಬಂಧ ಬೇಕಿತ್ತು. ಇದಕ್ಕೂ ಮೊದಲು ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು ಹೋಗಿದ್ದರು, ಯಾರೂ ಹೂಂ ಅಂದಿರಲಿಲ್ಲ. "ಹುಡುಗ ಮೆತ್ತಗ ಅದಾನ, ನಡೀತೈತಿ" ಎಂದು ನನ್ನ ಹತ್ತಿರ ಹೇಳಿದ್ದಳು.

ಸೋಮವಾರ ಮಾಮ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದ. ಹುಡುಗ, ಅವನ ತಂದೆ, ಇಬ್ಬರು ಹಿರಿಯರು ಬಂದರು. ತಂದೆಯ ಉಗುರುಗಳು ಮೆಣಸಿನಕಾಯಿಯಿಂದ ಕೆಂಪಾಗಿದ್ದವು. ಗಾಡಿಯನ್ನು ಸುತ್ತು ಹಾಕಿ, ಬಾಗಿಲ ಮೇಲಿನ ಟಾಪಿನ ಅಂಚಿನ ಹತ್ತಿರ ನಿಂತರು. ಅಲ್ಲಿ ಕೆನೆಬಣ್ಣ ಸವೆದು ಹಳದಿ ಗೆರೆಯೊಂದು ಕಾಣುತ್ತಿತ್ತು. ಉಗುರಿನಿಂದ ಕೆರೆದರು.

"ಎಣ್ಣಿ ಸವರಿ ಹೊಳಸಿದ ಮೆಣಸಿನಕಾಯಿ ನಾ ದಿನಾ ನೋಡಾಂವ್ರಿ. ಇದು ಟ್ಯಾಕ್ಸಿ."

"ಯಾವಾಗೋ ಇತ್ತಂತ್ರಿ. ನಾವು ತಗೊಂಡ ಮ್ಯಾಲ ಬಾಡಿಗಿ ಹೊಡದಿಲ್ರಿ" ಎಂದ ಅಪ್ಪ.

"ಗಾಡಿ ನಾಕ ಮಂದಿ ಹತ್ತಿ ಇಳದದ್ದು. ಹುಡುಗೀದು ಯಾರಿಗೆ ಕೇಳೂಣ್ರಿ?"

ಹಿರಿಯರಿಬ್ಬರೂ ನಕ್ಕರು. ಹುಡುಗನ ಕೈಯಲ್ಲಿ ಶಿರಾದ ತಾಟು ಇತ್ತು. ಅವನು ಹಳದಿ ಗೆರೆಯನ್ನೇ ನೋಡುತ್ತ ತಿನ್ನುತ್ತಿದ್ದ, ನಿಲ್ಲಿಸಲಿಲ್ಲ. ಅಕ್ಕ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅಪ್ಪ ಏನಾದರೂ ಅನ್ನುತ್ತಾನೆಂದು ಕಾದೆ. ಅಪ್ಪ ಕೈ ಮುಗಿದು, "ಬ್ಯಾರೆ ಗಾಡಿ ನೋಡೂಣ್ರಿ, ಸಿಟ್ಟಾಗಬ್ಯಾಡ್ರಿ" ಎಂದ. ಆ ಮಾತು ನೆನಪಾದರೆ ಇಂದಿಗೂ ಬಾಯಿ ಕಹಿಯಾಗುತ್ತದೆ. ಅವರು ಬೇರೆ ಗಾಡಿಗೂ ಒಪ್ಪದೆ ಹೊರಟುಹೋದರು.

"ಅಲ್ಲೇ ಯಾಕ ಒತ್ತಿದ್ಯೋ, ಮಬ್ಬ?" ಎಂದು ಅಪ್ಪ ಮಾಮನ ಮೇಲೆ ಹರಿಹಾಯ್ದ.

"ಮಶೀನು ಜೋರೈತ್ರಿ" ಎಂದ ಮಾಮ.

ಮರುವರ್ಷ ಶೆಡ್ಡಿಗೆ ಹೋದಾಗ ಮಾಮ ಅದೇ ಮಶೀನಿನಿಂದ ಯಾರದೋ ಗಾಡಿ ತಿಕ್ಕುತ್ತಿದ್ದ. ಅದಕ್ಕೂ ಮೊದಲು, ಬಣ್ಣ ಕಿತ್ತುಹೋಗದಂತೆ ಒಂದೊಂದು ಅಂಚಿಗೂ ಕಾಗದದ ಪಟ್ಟಿ ಅಂಟಿಸಿದ್ದ. ನಮ್ಮ ಗಾಡಿಗೆ ಅಂಟಿಸಿದ್ದನ್ನು ನಾನು ನೋಡಿರಲಿಲ್ಲ. ಹಳದಿ ಎಲ್ಲಿದೆ ಎಂಬುದು ಅವನಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಕೆಲವು ಕಾಲ ನಾನು ಅವನನ್ನು ಮನಸ್ಸಿನಲ್ಲೇ ಹೊಗಳಿಕೊಂಡೆ. ಬೇಕೆಂದೇ ಅಲ್ಲಿ ಒತ್ತಿ, ಅಂಥ ಮನೆಯಿಂದ ಅಕ್ಕನನ್ನು ಉಳಿಸಿದನಲ್ಲ ಎಂದು.

ಅಕ್ಕ ಕರ್ಜಗಿಯ ಶಾಲೆಗೆ ಬಸ್ಸಿನಲ್ಲಿ ಹೋಗಿಬರುತ್ತ ಮಾಸ್ತರಿಕೆ ಮಾಡಿದಳು. ಮತ್ತೆ ಯಾರೂ ನೋಡಲು ಬರದಂತೆ ತಾನೇ ತಡೆದಳು. ಒಮ್ಮೆ ನಾನು ಮಾಮನ ಸುದ್ದಿ ತೆಗೆದು ನನ್ನ ಊಹೆ ಹೇಳಿದಾಗ ಅವಳ ಮುಖದಲ್ಲಿ ಕಂಡದ್ದು ಕೃತಜ್ಞತೆಯಲ್ಲ. "ಅಪ್ಪ ಗಾಡಿ ಕೊಡಾಕ ನನ್ನ ಕೇಳಿರ್ಲಿಲ್ಲ. ಮಾಮ ಕೆಡಸಾಕೂ ಕೇಳ್ಲಿಲ್ಲ" ಎಂದಳು. ಅಂದಿನಿಂದ ನನ್ನ ಹೇಸಿಕೆಯಲ್ಲಿ ಮಾಮನದೂ ಒಂದು ಪಾಲು. ಊಹೆ ತಪ್ಪಿದ್ದರೆ ಆ ಪಾಲು ಅವನಿಗೆ ಸಲ್ಲಬೇಕಾದದ್ದಲ್ಲ, ಗೊತ್ತು.

ಹೋದ ಬಾರಿ ಮಾಮನ ಮನೆಗೆ ಹೋದಾಗ ಕೇಳಿಯೇಬಿಟ್ಟೆ. ಅವನು ನನ್ನ ಮುಖ ನೋಡಿದ, ಒಳಗೆ ಮಾಮಿಗೆ ಚಹಾ ಇಡಲು ಹೇಳಿದ, ಮಳೆ ಬೆಳೆಯ ಮಾತು ತೆಗೆದ. ನಾನು ಕೇಳಿದ್ದು ಇಷ್ಟೇ: "ಮಾಮಾ, ನೀ ಬೇಕಂತ ಒತ್ತಿದ್ದಿದ್ರ, ಅದಕ್ಕಿಂತ ಮೊದಲ ಅಕ್ಕನ್ನ ಒಂದು ಮಾತು ಯಾಕ ಕೇಳ್ಲಿಲ್ಲ?"