ಒಂದು ಗಂಟೆ ಎರಡಾದದ್ದು

ಸ್ನೇಹಿತರೇ, ದಿಲ್ಲಿಯಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಹಿಂದಿ ಬಿಟ್ಟು ಕನ್ನಡ ಮಾತಾಡಿದರೆ ನನಗೆ ಮೊದಲು ಬರುವುದು ಅನುಮಾನ.

ಇವತ್ತು ನೋಟ್‌ಬುಕ್ ಹಿಡಿದು ಬಂದಳು. "ಅಮ್ಮಾ, ಒಂದು ಅಂದ್ರೆ ಎರಡು ಅಂತ ಪ್ರೂವ್ ಮಾಡಿದೀನಿ. ಅಂದ್ರೆ ದಿನಕ್ಕೆ ಒಂದು ಗಂಟೆ ಇದ್ದ ನನ್ನ ಫೋನ್ ಟೈಮ್ ಇನ್ಮೇಲೆ ಎರಡು ಗಂಟೆ."

ಮೊದಲ ಸಾಲಿನಲ್ಲಿ ಎ ಮತ್ತು ಬಿ ಸಮ ಎಂದಿತ್ತು. ಕೊನೆಯ ಸಾಲಿಗೆ ಮುಂಚೆ, ಎರಡೂ ಕಡೆಯನ್ನು 'ಎ ಮೈನಸ್ ಬಿ'ಯಿಂದ ಭಾಗಿಸಿ ಅದನ್ನು ಹೊಡೆದುಹಾಕಿದ್ದಳು.

"ಎರಡೂ ಸಮ ಅಂದಮೇಲೆ ಎ ಮೈನಸ್ ಬಿ ಎಷ್ಟೇ?"

"ಜೀರೋ."

"ಸೊನ್ನೆಯಿಂದ ಭಾಗಿಸಬಹುದಾ?"

"ಮಮ್ಮಾ, ಜಾನೇ ದೋ ನಾ." ಹೋಗಲಿ ಬಿಡು ಅಂತ ಹಿಂದಿಗಿಳಿದಳು; ಕನ್ನಡ ಅಲ್ಲಿಗೆ ಮುಗಿಯಿತು.

"ಅಚ್ಛಾ, ಒಂದು ಎರಡಕ್ಕೆ ಸಮ, ಒಪ್ಪಿದೆ. ಈಗ ಎರಡೂ ಕಡೆ ಒಂದೊಂದು ಕಳಿ."

ಕಳೆದಳು. ಸೊನ್ನೆ ಒಂದಕ್ಕೆ ಸಮವಾಯಿತು. ಅವಳ ಲೆಕ್ಕದ ಪ್ರಕಾರವೇ ಒಂದು ಗಂಟೆ ಸೊನ್ನೆಯಾಗಿ, ಫೋನು ನನ್ನ ಬೀರು ಸೇರಿತು.

ಈಗ "ಅಮ್ಮಾ, ನಾನೇ ಊಟ ಬಡಿಸ್ಲಾ?" ಎನ್ನುತ್ತಿದ್ದಾಳೆ. ಬೀರುವಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಊಟಕ್ಕೆ ಕೂತೆ.