ದೋನಾ ಜುಲೇಡಿಯ ಸಾವಿರ ರಾಕೆಟ್‌ಗಳು

ನಮ್ಮ ನತಾಲ್ ಊರಿನ ಕಾಲೇಜಿನ ಲ್ಯಾಬಲ್ಲಿ ಲೆಕ್ಕ ಇಲ್ಲದಷ್ಟು ರಾಕೆಟ್ ಹಾರಿಸಿರೋರು ಒಬ್ರೇ, ಎಂಜಿನಿಯರ್ ದೋನಾ ಜುಲೇಡಿ. ಎಲ್ಲಾ ಕಂಪ್ಯೂಟರ್ ಒಳಗೆ! ನಿಜವಾದ ರಾಕೆಟ್ ಮೇಲೇಳೋದನ್ನ ಮಾತ್ರ ಕಣ್ಣಾರೆ ಒಂದ್ಸಲಾನೂ ನೋಡಿಲ್ಲ ಅಂದ್ರೆ ನಂಬ್ತೀರಾ? ರಾಕೆಟ್ ಬಿಡೋ ದಿನ ಯಾವಾಗ್ಲೂ ಅವರಿಗೆ ಕಿಟಕಿ ಇಲ್ಲದ ರೂಮಲ್ಲೇ ಕೆಲ್ಸ. ಈ ತಿಂಗಳು ರಿಟೈರ್ ಬೇರೆ. ಅದಕ್ಕೇ ನಾವು ಹುಡುಗ್ರೆಲ್ಲ ಸೇರಿ, ಶನಿವಾರ ನಮ್ಮ ರಾಕೆಟ್ ಹಾರೋವಾಗ ಅವರಿಗೆ ಮೈದಾನದಲ್ಲೇ ಕುರ್ಚಿ ಅಂತ ತೀರ್ಮಾನ ಮಾಡಿದ್ವಿ.

ರಾಕೆಟ್ ಯಾವತ್ತೂ ನಾವು ಅಂದ್ಕೊಂಡ ಹಾಗೇ ಹಾರಲ್ಲ. ಎಂಜಿನ್ ಚೂರು ಜಾಸ್ತಿ ತಳ್ಳತ್ತೆ, ರೆಕ್ಕೆ ಕೂದಲೆಳೆಯಷ್ಟು ಓರೆ ಇರತ್ತೆ, ಗಾಳಿ ಮನಸ್ಸು ಬದಲಾಯಿಸತ್ತೆ. ಅದಕ್ಕೆ ಕಂಪ್ಯೂಟರ್ ಲಾಟರಿ ಚೀಟಿ ಎತ್ತಿದ ಹಾಗೆ ಇವನ್ನೆಲ್ಲ ಎತ್ತಿ, ಸಾವಿರ ಸಲ ಹಾರಿಸಿ, ಪ್ರತಿ ಸಲ ಬಿದ್ದ ಜಾಗಕ್ಕೆ ನಕ್ಷೆ ಮೇಲೊಂದು ಚುಕ್ಕಿ ಇಡತ್ತೆ. ಚುಕ್ಕಿಗಳು ಮೈದಾನದ ಬೇಲಿ ಒಳಗಿದ್ರೆ ಮಾತ್ರ ಹಾರಿಸೋಕೆ ಪರ್ಮಿಷನ್. ಬೇಲಿ ಆಚೆ ನೊನಾತು ಅಜ್ಜನ ಮೇಕೆಗಳು.

ಈ ಸಲ ಪ್ರೋಗ್ರಾಂ ಬರೆದಿದ್ದು ನಮ್ಮ ಕ್ಯಾಪ್ಟನ್ ಜಾಂದೀರ್. ಚುಕ್ಕಿಗಳೆಲ್ಲ ಅಚ್ಚಲ್ಲಿ ಬೇಯಿಸಿ ತೆಗೆದ ಮೆಕ್ಕೆಜೋಳದ ಹಿಟ್ಟಿನ ಕುಸ್ಕುಸ್ ಥರ ಒಂದೇ ಮುದ್ದೆಯಾಗಿ ಮಧ್ಯದಲ್ಲಿ ಕೂತಿದ್ವು. ನಾವು ಕುಣಿಯೋದೊಂದು ಬಾಕಿ. ದೋನಾ ಜುಲೇಡಿ ಕನ್ನಡಕ ಮೇಲೆತ್ತಿ ನೋಡಿದ್ರು.

"ಮಗನೇ ಜಾಂದೀರ್, ನಿನ್ನ ಗಾಳಿ ಏನು ಕುಡಿದುಬಿಟ್ಟಿದೆಯಾ?"

ನೋಡಿದ್ರೆ, ಅವನು ಆಕಾಶದಲ್ಲಿ ಪ್ರತಿ ಎತ್ತರಕ್ಕೂ ಗಾಳಿಗೆ ಬೇರೆ ಬೇರೆ ಚೀಟಿ ಎತ್ತಿಸಿದ್ದ. ಕೆಳಗೆ ಎಡಕ್ಕೆ ತಳ್ಳಿದ್ದನ್ನ ಮೇಲಿನದು ಬಲಕ್ಕೆ ತಳ್ಳಿ, ಎಲ್ಲಾ ಸಮ ಆಗಿಹೋಗಿತ್ತು. ನಮ್ಮೂರಲ್ಲಿ ಸಮುದ್ರದ ಗಾಳಿ ಹೊರಟ್ರೆ ಕೆಳಗೂ ಮೇಲೂ ಒಂದೇ ಕಡೆಗೆ ತಳ್ಳತ್ತೆ ಅಂತ ಯಾರಿಗೆ ಗೊತ್ತಿಲ್ಲ!

ಜಾಂದೀರ್ ಮೆಲ್ಲಗೆ ಹೇಳ್ದ, "ಆಂಟೀ, ಈಗ ಸರಿ ಮಾಡಿದ್ರೆ ಶನಿವಾರ ಕ್ಯಾನ್ಸಲ್ ಆಗ್ಬಹುದು. ಆಮೇಲೆ ಮೈದಾನ ಮಳೆಗಾಲ ಮುಗಿಯೋವರೆಗೂ ಬಂದ್. ನಿಮ್ಮ ಕುರ್ಚಿ..."

"ನಾನು ರಿಟೈರ್ ಆಗ್ತಿರೋದು ಮೇಕೆಗಳಿಗೆ ಗೊತ್ತಾ? ಸರಿ ಮಾಡಿ ಪ್ರೋಗ್ರಾಂ ಓಡಿಸೋ."

ಓಡಿಸಿದ. ಚುಕ್ಕಿಗಳು ಚೆಲ್ಲಿದ ಫರೋಫಾ ಪುಡಿ ಥರ ಹರಡಿ, ಬೇಲಿ ಹಾರಿ ಮೇಕೆಗಳ ಮೇಲೇ ಬಿದ್ವು. ದೋನಾ ಜುಲೇಡಿ ಕುರ್ಚಿ ವಿಷ್ಯ ಎತ್ತಲೇ ಇಲ್ಲ, ಎಲ್ರಿಗೂ ಟಪಿಯೋಕಾ ದೋಸೆ ತರಿಸಿದ್ರು. ತಿಂತಾ ತಿಂತಾ ಜಾಂದೀರನೇ ಅಂದ: ದೊಡ್ಡ ಪ್ಯಾರಾಶೂಟ್‌ನ ನೆಲದ ಹತ್ರ ಬಂದ್ಮೇಲೆ ಬಿಚ್ಚಿದ್ರೆ? ಗಾಳಿಗೆ ಎಳ್ಕೊಂಡು ಹೋಗೋಕೆ ಟೈಮೇ ಸಿಗಲ್ಲ. ಮತ್ತೆ ಸಾವಿರ ಸಲ ಹಾರಿಸಿದ್ವಿ. ಚುಕ್ಕಿಗಳು ಒಳಗೆ ಬಂದ್ವು, ಒಂದಿಷ್ಟು ಬೇಲಿಗೆ ಮೂಗು ತಾಗಿಸ್ಕೊಂಡು. ಪರ್ಮಿಷನ್ ಸಿಕ್ತು!

ನಮ್ಮಲ್ಲೊಂದು ಪದ್ಧತಿ ಇದೆ. ರಾಕೆಟ್ ಬೀಳೋ ಜಾಗ ಊಹಿಸಿ ಎಲ್ರೂ ನಕ್ಷೆ ಮೇಲೆ ಒಂದೊಂದು ಗೋಡಂಬಿ ಇಡಬೇಕು; ಯಾರದು ತುಂಬಾ ದೂರಾನೋ ಅವರು ಎಲ್ರಿಗೂ ಕಾಫಿ ಮಾಡಬೇಕು. ದೋನಾ ಜುಲೇಡಿ ಚುಕ್ಕಿಗಳ ನಟ್ಟನಡುವೆ ಇಟ್ರು, ಯಾವಾಗ್ಲೂ ಹಾಗೇ. ಜಾಂದೀರ್ ಮಾತ್ರ ಪ್ರಾಯಶ್ಚಿತ್ತ ಅಂತ ಬೇಲಿ ಪಕ್ಕ ಇಟ್ಟ.

ಶನಿವಾರ ಅವರು ದೊಡ್ಡ ಹೂವಿನ ಗೌನ್ ಹಾಕ್ಕೊಂಡು ಸಮುದ್ರದ ಕಡೆ ಕುರ್ಚಿಯಲ್ಲಿ ಕೂತ್ರು. ಎಣಿಕೆ ಶುರುವಾಯ್ತು. ನಾನು ಪಕ್ಕದಲ್ಲೇ ನಿಂತಿದ್ದೆ. ಧಡ್ ಅಂತ ಸದ್ದು, ಹೊಗೆ, ನಾವೆಲ್ಲ ಕಿರುಚ್ತಾ ಇದ್ದೀವಿ, ಇವರು ನೋಡ್ತಿರೋದು ಕಂಬಕ್ಕೆ ಕಟ್ಟಿದ್ದ ಕೆಂಪು ರಿಬ್ಬನ್ನ! ಗಾಳಿ ಎತ್ತ ಕಡೆ ಅಂತ!

"ಹೋಯ್ತಾ?" ಅಂತ ನನ್ನ ಕೇಳಿದ್ರು.

ಪ್ಯಾರಾಶೂಟ್ ಇಳಿಯೋದನ್ನಾದ್ರೂ ಪೂರ್ತಿ ನೋಡಿದ್ರು, ಬಾಯ್ತೆರೆದು, ಮಗು ಥರ. ಬಿದ್ದಿದ್ದು ಬೇಲಿ ಒಳಗೇ, ಆದ್ರೆ ಜಾಂದೀರನ ಗೋಡಂಬಿ ಪಕ್ಕದಲ್ಲಿ. ಎಲ್ರಿಗಿಂತ ದೂರ ಇದ್ದಿದ್ದು ಇವರ ಗೋಡಂಬಿ. ಕಾಫಿ ಫ್ಲಾಸ್ಕ್ ಕೈಗೆ ಕೊಟ್ಟು ಸೋಲು ಒಪ್ಕೊಳ್ಳಿ ಅಂತ ರೇಗಿಸಿದ್ವಿ.

"ಒಂದೇ ಸಲ ಹಾರಿಸಿದ್ರೆ ಏನ್ರೋ ಗೊತ್ತಾಗತ್ತೆ?" ಅಂದ್ರು ದೋನಾ ಜುಲೇಡಿ, ಕಣ್ಣು ಇನ್ನೂ ಆಕಾಶದಲ್ಲೇ. "ಇನ್ನೊಂದ್ಸಲ ಬಿಡಿ."